ಬೇಸಿಗೆಯ ಹಗುರ ಗಾಳ: ಬಿದಿರು ಕೋಲೋ, ರೀಲಿನ ಕಡ್ಡಿಯೋ?

ಮಾರ್ಚ್ ಕಳೆದು ಮಂಡ್ಯದ ಕೆರೆಗಳು ಅರ್ಧಕ್ಕೆ ಇಳಿಯುವ ಹೊತ್ತಿಗೆ ನನಗೆ ಫೋನ್ ಬರತೊಡಗುತ್ತದೆ. ಹೆಚ್ಚಿನವರು ಮೈಸೂರಿನಲ್ಲಿ ಕೆಲಸಕ್ಕಿರುವ ಹುಡುಗರು. "ಅಣ್ಣ, ಬಾಸ್ ಹಿಡಿಯುವ ಹಗುರ ರಾಡ್ ತರಿಸಿದ್ದೇನೆ. ಯಾವ ಕೆರೆಗೆ ಹೋಗಲಿ?" ರಾತ್ರಿಯಿಡೀ ಅಮೆರಿಕದ ವಿಡಿಯೋ ನೋಡಿ, ಡಬ್ಬದ ಮೇಲೆ ಬಾಯ್ತೆರೆದ ಹಸಿರು ಮೀನಿನ ಚಿತ್ರವಿರುವ ಸಾಮಾನನ್ನು ಆನ್‌ಲೈನಿನಲ್ಲಿ ಕೊಂಡಿರುತ್ತಾರೆ. ನಾನೂ ಹಾಗೆ ಕೊಂಡವನೇ ಆದ್ದರಿಂದ ನಗುವುದಿಲ್ಲ. ಬಾಸ್ ಉತ್ತರ ಅಮೆರಿಕದ ಮೀನು, ನಮ್ಮ ಕೆರೆಗಳಲ್ಲಿ ಸಿಗುವಂಥದ್ದಲ್ಲ ಎಂದು ಹೇಳುತ್ತೇನೆ. ಅಲ್ಲಿ 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಸಿಕ್ಕಿದ, ಹತ್ತು ಕಿಲೋ ದಾಟಿದ ಒಂದು ಬಾಸ್‌ನ ಕಥೆಯನ್ನು ಇಂದಿಗೂ ಹೇಳಿಕೊಳ್ಳುತ್ತಾರೆ. ಇಲ್ಲಿ ಅದರ ಮರಿಯೂ ನಿಮಗೆ ಸಿಗುವುದಿಲ್ಲ.

ಹಾಗೆಂದು ತರಿಸಿದ ಕಡ್ಡಿಯನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಆರೇಳು ಅಡಿಯ ಬಳುಕುವ ಕಡ್ಡಿ, ಎರಡರಿಂದ ನಾಲ್ಕು ಕಿಲೋ ಎಳೆತ ತಡೆಯುವ ದಾರ, ಅಂಗೈಯಲ್ಲಿ ಹಿಡಿಸುವ ರೀಲು. ಹಗುರ ಗಾಳ ಎಂದರೆ ಇಷ್ಟೇ. ನಮ್ಮ ಬೇಸಿಗೆಯ ನೀರಿಗೆ ಇದು ಕೆಲವು ಕಡೆ ಚೆನ್ನಾಗಿ ಒಗ್ಗುತ್ತದೆ, ಕೆಲವು ಕಡೆ ತಪ್ಪು ಆಯ್ಕೆಯಾಗುತ್ತದೆ, ಇನ್ನು ಕೆಲವು ಕಡೆ ನಮ್ಮ ಮಾವನ ಬಿದಿರು ಕೋಲಿನ ಮುಂದೆ ಸೋಲುತ್ತದೆ. ಎಲ್ಲವೂ ನೀವು ಯಾವ ಮೀನಿಗೆ ಹೋಗುತ್ತೀರಿ ಎಂಬುದರ ಮೇಲೆ ನಿಂತಿದೆ. ಅಂಗಡಿಗೆ ಹೋಗಿ ಕಡ್ಡಿ ಆರಿಸಿ, ಆಮೇಲೆ ಮೀನು ಹುಡುಕುವುದು ಕುದುರೆಗಿಂತ ಮೊದಲು ಲಾಳ ಕೊಂಡ ಹಾಗೆ.

ಜಿಲೇಬಿ, ಗೆಂಡೆ, ಕೊರವ

ಬೇಸಿಗೆಯಲ್ಲಿ ಹಗುರ ಗಾಳಕ್ಕೆ ನನ್ನ ಮೊದಲ ಆಯ್ಕೆ ಜಿಲೇಬಿ. ಪುಸ್ತಕದಲ್ಲಿ ತಿಲಾಪಿಯಾ. ಆಫ್ರಿಕಾ ಮೂಲದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು. ಈಗ ಅದಿಲ್ಲದ ಕೆರೆಯನ್ನು ಹುಡುಕುವುದೇ ಕಷ್ಟ. ನಮ್ಮ ನೀರಿನ ಮೂಲ ಮೀನುಗಳ ಮೊಟ್ಟೆ, ಮೇವು, ಜಾಗ ಎಲ್ಲದಕ್ಕೂ ಕೈ ಹಾಕುವ ಈ ಪರದೇಶಿಯನ್ನು ಎಷ್ಟು ಹಿಡಿದು ಸಾರಿಗೆ ಹಾಕಿದರೂ ನನ್ನ ಮನಸ್ಸಿಗೆ ಅಳುಕಿಲ್ಲ. ಬಿಸಿನೀರನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ. ಬೇರೆ ಮೀನುಗಳು ಆಳ ಸೇರಿ ಬಾಯಿ ಮುಚ್ಚಿಕೊಂಡಿರುವ ದಿನಗಳಲ್ಲಿಯೂ ದಡದ ಪಕ್ಕದಲ್ಲೇ ಇರುತ್ತದೆ.

ಎಲ್ಲಿದೆ ಎಂಬುದನ್ನು ಕೆರೆಯೇ ತೋರಿಸಿಕೊಡುತ್ತದೆ. ನೀರು ಹಿಂದೆ ಸರಿದ ಕೆರೆಯಂಗಳದಲ್ಲಿ ಊಟದ ತಟ್ಟೆಯಷ್ಟಗಲದ ಗುಂಡಿಗಳು ಸಾಲಾಗಿ ಕಂಡರೆ ಅವು ಗಂಡು ಜಿಲೇಬಿ ತೋಡಿದ ಗೂಡುಗಳು. ಒಣಗಿದ ಗುಂಡಿಗಳ ಸಾಲನ್ನು ಕಣ್ಣಲ್ಲೇ ಹಿಡಿದು ನೀರಿನೊಳಕ್ಕೆ ಮುಂದುವರಿಸಿದರೆ, ಎರಡು ಮೂರು ಅಡಿ ಆಳದಲ್ಲಿ ಈಗ ಬಳಕೆಯಲ್ಲಿರುವ ಗೂಡುಗಳು ಸಿಗುತ್ತವೆ. ಹೆಣ್ಣು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ, ಆಗ ಅದು ಮೇಯುವುದು ತೀರಾ ಕಡಿಮೆ. ಗಂಡು ಮಾತ್ರ ಗೂಡಿನ ಮೇಲೆ ಯಾರು ಬಂದರೂ ಮೈಮೇಲೆ ಬೀಳುತ್ತದೆ. ಎರಡು ಮೂರು ಗ್ರಾಮಿನ ತಿರುಗುವ ತಗಡಿನ ಹುಸಿ ಎರೆಯನ್ನು, ಅಂದರೆ ಸ್ಪಿನ್ನರ್ ಅನ್ನು, ಆ ಗೂಡಿನ ಮೇಲೆ ಮೆಲ್ಲಗೆ ಎಳೆದರೆ ಹಸಿವಿಲ್ಲದಿದ್ದರೂ ಕೋಪಕ್ಕೆ ಕಚ್ಚುತ್ತದೆ. ಕಾಲು ಕಿಲೋ ಜಿಲೇಬಿ ಹಗುರ ಕಡ್ಡಿಯಲ್ಲಿ ಅಗಲ ಮೈಯನ್ನು ಅಡ್ಡ ತಿರುಗಿಸಿ ಎಳೆಯುವಾಗ ಕೈಗೆ ಒಂದು ಕಿಲೋ ಅನ್ನಿಸುತ್ತದೆ. ವಿಡಿಯೋದಲ್ಲಿ ಬಾಸ್ ಕೊಡುವ ಖುಷಿಗೆ ನಮ್ಮಲ್ಲಿ ತೀರಾ ಹತ್ತಿರದ್ದು ಇದೇ.

ಗೆಂಡೆಯದು ಬೇರೆ ಸ್ವಭಾವ. ತಳದ ಕೆಸರಿನಲ್ಲಿ ಮೂತಿಯಿಟ್ಟು ಮೇಯುವ ಸಾಮಾನ್ಯ ಗೆಂಡೆ ಎರೆಯನ್ನು ಹೀರಿ, ರುಚಿ ನೋಡಿ, ಉಗುಳಿ, ಮತ್ತೆ ಹೀರುತ್ತದೆ. ನೀರಿನ ಮೇಲೆ ತೇಲುವ ಬೆಂಡು ಒಮ್ಮೆ ಅಲುಗಿ ಸುಮ್ಮನಾದರೆ ಕಾಯಬೇಕು. ಪಕ್ಕಕ್ಕೆ ಸರಿದು ಮುಳುಗತೊಡಗಿದಾಗ ಎತ್ತಬೇಕು. ಒಂದೂವರೆ ಎರಡು ಕಿಲೋದ ಗೆಂಡೆಯನ್ನು ಮೂರು ಕಿಲೋದ ದಾರದಲ್ಲಿ ದಡಕ್ಕೆ ತರುವುದು ಬೇಸಿಗೆಯ ಹಗುರ ಗಾಳದ ಅತ್ಯುತ್ತಮ ಅರ್ಧ ಗಂಟೆ ಎಂದು ನಾನು ಯಾವ ಸಭೆಯಲ್ಲಾದರೂ ವಾದಿಸಬಲ್ಲೆ. ಆದರೆ ಗೆಂಡೆ, ರೋಹು, ಕಾಟ್ಲಾ ಸಾಮಾನ್ಯವಾಗಿ ಯಾರೋ ಹಣ ಹಾಕಿ ಬಿಟ್ಟ ಮರಿಗಳು. ಕೆರೆಯ ಮೀನು ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರರನ್ನು ಕೇಳದೆ ಗಾಳ ಹಾಕಿದರೆ ಅದು ಕಳ್ಳತನವೇ. ಕೇಳಿದರೆ ಹಲವರು "ಜಿಲೇಬಿ ಎಷ್ಟಾದರೂ ಹಿಡಿದುಕೊಳ್ಳಿ, ಗೆಂಡೆ ಬಂದರೆ ಬಿಟ್ಟುಬಿಡಿ" ಎನ್ನುತ್ತಾರೆ. ನ್ಯಾಯವಾದ ಒಪ್ಪಂದ. ಕಾಟ್ಲಾವನ್ನು ಹಗುರ ಗಾಳದ ಪಟ್ಟಿಯಿಂದ ತೆಗೆದುಬಿಡಿ. ಅದರ ಬಾಯಿ ಮೇಲ್ಮುಖ, ಮೇವು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು. ಸಣ್ಣ ಕೊಕ್ಕೆಯ ಎರೆಹುಳುವಿಗೆ ಅಪರೂಪಕ್ಕೆ ಬರುತ್ತದೆ, ಬಂದರೆ ದಾರ ಉಳಿಯುವುದಿಲ್ಲ.

ಇನ್ನು ಕೊರವ, ಕೆಲವು ಊರುಗಳಲ್ಲಿ ಕುಚ್ಚು ಮೀನು. ಜೊಂಡು, ತಾವರೆ ಎಲೆಗಳ ಸಂದಿಯಲ್ಲಿ ಹೊಂಚು ಹಾಕಿ ಕಪ್ಪೆಯ ಮೇಲೆ ಎರಗುವ ಈ ಮೀನೇ ನಮ್ಮ ಬಾಸ್ ಎಂದು ಹಲವರು ಹೇಳುತ್ತಾರೆ. ಸ್ವಭಾವದಲ್ಲಿ ಹೌದು. ಮೇಲೆ ಬಂದು ಗಾಳಿಯನ್ನೇ ಉಸಿರಾಡುವುದರಿಂದ ಬೇಸಿಗೆಯ ಕೆಟ್ಟ ನೀರು ಅದಕ್ಕೆ ಲೆಕ್ಕಕ್ಕಿಲ್ಲ. ಮಧ್ಯಾಹ್ನವೂ ಕಚ್ಚುತ್ತದೆ. ಇಷ್ಟಾದರೂ ಹಗುರ ಗಾಳಕ್ಕೆ ಬೇಡ ಎನ್ನುತ್ತೇನೆ, ಅದಕ್ಕೆ ನನ್ನ ಪಾಪವೇ ಕಾರಣ. ಪಾಂಡವಪುರದ ಕಡೆಯ ಒಂದು ಕೆರೆಯಲ್ಲಿ, ಎರಡು ಕಿಲೋದ ದಾರಕ್ಕೆ ಸಣ್ಣ ರಬ್ಬರ್ ಕಪ್ಪೆ ಕಟ್ಟಿ ಜೊಂಡಿನ ಅಂಚಿಗೆ ಎಸೆದೆ. ನೀರು ಸಿಡಿಯಿತು, ಕಡ್ಡಿ ಬಿಲ್ಲಾಯಿತು, ಎಣಿಸಿ ಮೂರು ಉಸಿರಿನೊಳಗೆ ಮೀನು ಜೊಂಡಿನ ಬುಡ ಸುತ್ತಿ ದಾರ ಕಡಿದುಕೊಂಡಿತು. ಬಾಯಲ್ಲಿ ಜೋಡಿ ಕೊಕ್ಕೆ, ಹಿಂದೆ ಎರಡು ಮಾರು ದಾರ. ಅದು ಎಲ್ಲಿ ಸಿಕ್ಕಿಕೊಂಡು ಸತ್ತಿತೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಕೊರವನನ್ನು ಕಚ್ಚಿದ ಕ್ಷಣದಲ್ಲೇ ಜೊಂಡಿನಿಂದ ಹೊರಗೆಳೆಯಬೇಕು. ಅದಕ್ಕೆ ಗಟ್ಟಿ ಕಡ್ಡಿ, ಹತ್ತು ಕಿಲೋ ಮೀರಿದ ಹೆಣೆದ ದಾರ ಬೇಕು. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಆಗ ಯಾವ ಗಾಳವೂ ಬೇಡ.

ಹೊಳೆಯ ದೊಡ್ಡ ಮೀನಾದ ಮಹಶೀರ್ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳದಿಂದ 120 ಪೌಂಡಿನ ಮಹಶೀರ್ ಹಿಡಿದದ್ದು ದಾಖಲೆಯಾಗಿದೆ, ಅಂದರೆ ಸುಮಾರು 54 ಕಿಲೋ. ಕಾವೇರಿ ಕಣಿವೆಯಲ್ಲಿ ಮಾತ್ರ ಇರುವ ಆ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ, ಮುತ್ತತ್ತಿಯ ಹೊಳೆ ಈಗ ವನ್ಯಜೀವಿಧಾಮ. ಅದು ಈ ಹೋಲಿಕೆಯಲ್ಲಿ ಬರುವ ಮೀನಲ್ಲ.

ಕೋಲು ಮತ್ತು ಕಡ್ಡಿ

ನಮ್ಮ ಸೋದರಮಾವ ಮದ್ದೂರಿನ ಕಡೆಯವರು. ಅವರ ಸಾಮಾನು ಹನ್ನೆರಡಡಿಯ ಬಿದಿರು, ಅಷ್ಟೇ ಉದ್ದದ ಟಂಗೂಸು ದಾರ, ಜೋಳದ ದಂಟಿನ ಬೆಂಡು, ಒಂದು ಸೀಸದ ಚೂರು, ಒಂದು ಕೊಕ್ಕೆ. ರೀಲಿಲ್ಲ. ನನ್ನ ಹೊಸ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿದೆಯಪ್ಪ, ಗಡಿಯಾರದ ಹಾಗಿದೆ" ಎಂದರು. ಆ ದಿನ ಸಂಜೆ ಅವರ ಗೋಣಿಚೀಲದಲ್ಲಿ ಹದಿನಾಲ್ಕು ಜಿಲೇಬಿ, ನನ್ನದರಲ್ಲಿ ಐದು.

ಕಾರಣ ಸರಳ. ಬೇಸಿಗೆಯ ಜಿಲೇಬಿ ದಡದಿಂದ ಇಪ್ಪತ್ತಡಿ ಒಳಗೇ ಇರುತ್ತದೆ. ಕೋಲಿನಲ್ಲಿ ಎಸೆತವಿಲ್ಲ, ಸದ್ದಿಲ್ಲ. ಎರೆಯನ್ನು ಜೊಂಡಿನ ನಡುವಿನ ಒಂದಡಿ ಖಾಲಿ ನೀರಿಗೆ ಬೆರಳಲ್ಲಿ ಇಟ್ಟ ಹಾಗೆ ಇಳಿಸಬಹುದು. ಮೀನು ಬಿಡಿಸಿ ಮತ್ತೆ ಎರೆ ನೀರಿಗಿಳಿಯಲು ಅರ್ಧ ನಿಮಿಷ ಸಾಕು. ನಾನು ರೀಲಿನಲ್ಲಿ ಎಸೆದು, ಸುತ್ತಿ, ಗಂಟಾದ ದಾರ ಬಿಡಿಸುವಷ್ಟರಲ್ಲಿ ಮಾವ ಎರಡು ಮೀನು ಮುಂದಿರುತ್ತಿದ್ದರು.

ಕೋಲು ಸೋಲುವುದು ಎರಡು ಜಾಗದಲ್ಲಿ. ಒಂದು, ಮೀನು ದೂರವಿದ್ದಾಗ. ಕೆರೆ ತೀರಾ ಬತ್ತಿ ಮಧ್ಯದಲ್ಲಿ ಮಾತ್ರ ನೀರು ನಿಂತು, ಸುತ್ತ ಮೊಣಕಾಲುದ್ದ ಕೆಸರಿದ್ದರೆ ರೀಲೊಂದೇ ಉಪಾಯ. ಐದು ಗ್ರಾಮಿನ ತೂಕ ಹಗುರ ಕಡ್ಡಿಯಿಂದ ಇಪ್ಪತ್ತೈದು ಮೀಟರ್ ಸಲೀಸಾಗಿ ಹೋಗುತ್ತದೆ. ಎರಡು, ಮೀನು ದಾರಕ್ಕಿಂತ ದೊಡ್ಡದಾಗಿದ್ದಾಗ. ಕೋಲಿನಲ್ಲಿ ಕಟ್ಟಿದಷ್ಟೇ ದಾರ. ಎರಡು ಕಿಲೋದ ಗೆಂಡೆ ಓಡತೊಡಗಿದರೆ ಕೊಡಲು ಏನೂ ಇರುವುದಿಲ್ಲ. ರೀಲಿನಲ್ಲಿ ಡ್ರ್ಯಾಗ್ ಎಂಬ ತಿರುಪಿದೆ, ಎಳೆತ ಮಿತಿ ಮೀರಿದಾಗ ದಾರವನ್ನು ತಾನೇ ಬಿಟ್ಟುಕೊಡುತ್ತದೆ. ಹಗುರ ಗಾಳದ ಜೀವ ಇರುವುದು ಈ ತಿರುಪಿನಲ್ಲಿ, ಹೊಸಬರು ಮುಟ್ಟದೆ ಬಿಡುವುದೂ ಇದನ್ನೇ. ದಾರ ತಡೆಯುವ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಅದನ್ನು ಹೊಂದಿಸಬೇಕು. ಮೂರು ಕಿಲೋದ ದಾರವಾದರೆ ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನು ದಾರದ ತುದಿಗೆ ಕಟ್ಟಿ, ರೀಲಿನಿಂದಲೇ ನೇರವಾಗಿ ಮೇಲೆತ್ತಿ. ಬಾಟಲಿ ನೆಲ ಬಿಡುವ ಹೊತ್ತಿಗೆ ರೀಲು ಕರಕರ ಎಂದು ದಾರ ಬಿಡತೊಡಗಿದರೆ ಸರಿಯಾಗಿದೆ.

ಈಗ ಬಿದಿರಿನ ಜಾಗಕ್ಕೆ ಒಂದರೊಳಗೊಂದು ಸೇರುವ ಕಾರ್ಬನ್ ಕೋಲುಗಳು ಬಂದಿವೆ. ಬಸ್ಸಿನಲ್ಲಿ ಒಯ್ಯಲು ಸುಲಭ, ತೂಕವೂ ಕಡಿಮೆ. ಆದರೆ ಕಾರ್ಬನ್ ವಿದ್ಯುತ್ ಹರಿಸುತ್ತದೆ. ನಮ್ಮ ಗದ್ದೆ ಬಯಲಿನಲ್ಲಿ ಪಂಪ್‌ಸೆಟ್ಟಿಗೆ ಎಳೆದ ತಂತಿಗಳು ತಲೆ ಎತ್ತರಕ್ಕೆ ಜೋತು ಬಿದ್ದಿರುವುದು ನಿಮಗೇ ಗೊತ್ತು. ಮೇಲಾಗಿ ಏಪ್ರಿಲ್ ಕೊನೆಗೆ ಭರಣಿ ಮಳೆಯ ಗುಡುಗು ಮಧ್ಯಾಹ್ನದ ಮೇಲೆ ದಿಢೀರನೆ ಎದ್ದುಬರುತ್ತದೆ. ಬಯಲಿನಲ್ಲಿ ಹನ್ನೆರಡಡಿಯ ಕಾರ್ಬನ್ ಹಿಡಿದು ನಿಲ್ಲುವವನು ತಾನೇ ಸಿಡಿಲಿಗೆ ಕಂಬ ನೆಟ್ಟ ಹಾಗೆ. ಮೋಡ ಕಪ್ಪಾದರೆ ಕೋಲು ಮಡಿಸಿ ಎದ್ದುಬಿಡಿ.

ನನ್ನ ತೀರ್ಮಾನ ಇದು. ಮಕ್ಕಳನ್ನು ಕರೆದುಕೊಂಡು ಜಿಲೇಬಿಗೆ ಹೋಗುವವರು, ಇದೇ ಮೊದಲ ಬೇಸಿಗೆ ಎನ್ನುವವರು ಬಿದಿರು ಹಿಡಿಯಿರಿ. ಗೆಂಡೆಯ ಆಸೆ ಇರುವವರು, ಹುಸಿ ಎರೆ ಎಸೆಯುವ ಹುಚ್ಚಿರುವವರು ರೀಲು ಕೊಳ್ಳಿ. ಕೊಳ್ಳುವಾಗ ದುಬಾರಿ ಕಡ್ಡಿಗೆ ಅಗ್ಗದ ರೀಲು ಹಾಕಬೇಡಿ, ಬೇಕಾದರೆ ಅದರ ತಿರುವುಮುರುವು ಮಾಡಿ. ಕಡ್ಡಿ ಸಾಧಾರಣವಾಗಿದ್ದರೂ ನಡೆಯುತ್ತದೆ. ಡ್ರ್ಯಾಗ್ ತಡವರಿಸುವ ರೀಲು ಮೊದಲ ಒಳ್ಳೆಯ ಮೀನಿಗೇ ಕೈಕೊಡುತ್ತದೆ.

ದಾರ ಮತ್ತು ಎರೆ

ನೈಲಾನ್ ದಾರ ಹಿಗ್ಗುತ್ತದೆ, ಹೆಣೆದ ದಾರ ಹಿಗ್ಗುವುದಿಲ್ಲ. ಹೆಣೆದದ್ದು ಅಷ್ಟೇ ಬಲಕ್ಕೆ ಬಹಳ ತೆಳ್ಳಗಿರುವುದರಿಂದ ದೂರ ಹೋಗುತ್ತದೆ, ಮೀನಿನ ಸಣ್ಣ ಮುಟ್ಟುವಿಕೆಯೂ ಬೆರಳಿಗೆ ತಿಳಿಯುತ್ತದೆ. ಕೇಳಿದರೆ ಅದೇ ಮೇಲು ಅನ್ನಿಸಬೇಕು. ಆದರೆ ಹೊಸಬರ ಕೈಯಲ್ಲಿ ಆ ಹಿಗ್ಗುವ ಗುಣವೇ ಕಾಪಾಡುವುದು. ಗಾಬರಿಯಲ್ಲಿ ಜೋರಾಗಿ ಎಳೆದಾಗ ನೈಲಾನ್ ಆ ಧಕ್ಕೆಯನ್ನು ನುಂಗಿಕೊಳ್ಳುತ್ತದೆ, ಜಿಲೇಬಿಯ ಮೆದು ತುಟಿ ಹರಿಯುವುದಿಲ್ಲ. ಮೊದಲ ವರ್ಷ 0.20 ಮಿಲಿಮೀಟರಿನ ನೈಲಾನ್ ಸಾಕು. ಅದನ್ನು ಬಿಸಿಲಿನಲ್ಲಿ ನಿಲ್ಲಿಸಿದ ಬೈಕಿನ ಮೇಲೆ ಬಿಡಬೇಡಿ, ಬಿಸಿಲು ನೈಲಾನಿನ ಬಲ ತಿನ್ನುತ್ತದೆ. ಗಂಟು ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಿ. ಒಣ ಗಂಟು ಉಜ್ಜಿ ಬಿಸಿಯಾಗಿ ಅಲ್ಲೇ ದುರ್ಬಲವಾಗುತ್ತದೆ.

ಕತ್ತರಿಸಿದ ತುಂಡು ದಾರವನ್ನು ದಡದಲ್ಲಿ ಎಸೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮರಿಗಳಿಗೆ ಮೀನು ಹುಡುಕುತ್ತ ಸುತ್ತಲ ಕೆರೆಗಳಿಗೇ ಇಳಿಯುವುದು. ಆ ದಾರ ಕಾಲಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಹಕ್ಕಿಗೆ ಕೈಯಿಲ್ಲ. ಒಂದು ಬೆಂಕಿಪೊಟ್ಟಣ ಇಟ್ಟುಕೊಳ್ಳಿ, ತುಂಡುಗಳನ್ನು ಅದರಲ್ಲಿ ತುಂಬಿಕೊಂಡು ಮನೆಗೆ ಬನ್ನಿ.

ಎರೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಜಿಲೇಬಿಗೆ ಎರೆಹುಳುವಿನ ಚೂರು, ಎಂಟು ಅಥವಾ ಹತ್ತನೇ ನಂಬರಿನ ಕೊಕ್ಕೆ. ನಂಬರು ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು, ಅಂಗಡಿಯಲ್ಲಿ ಮೋಸಹೋಗಬೇಡಿ. ಗೆಂಡೆಗೆ ಆರನೇ ನಂಬರು, ಮೇಲೆ ರಾಗಿ ಹಿಟ್ಟಿನ ಉಂಡೆ. ಮುದ್ದೆಗಿಂತ ಗಟ್ಟಿಯಾಗಿ ಬೇಯಿಸಿ, ಚೂರು ಕಡಲೆಕಾಯಿ ಹಿಂಡಿ ಸೇರಿಸಿ ನಾದಿದರೆ ನೀರಿನಲ್ಲಿ ಬೇಗ ಕರಗುವುದಿಲ್ಲ. ಕಾವೇರಿಯಲ್ಲಿ ಹಿಂದೆ ಮಹಶೀರಿಗೂ ಇದೇ ರಾಗಿ ಉಂಡೆ ಹಾಕುತ್ತಿದ್ದರು. ನಾನು ತರಿಸಿದ ಬಾಸ್ ಡಬ್ಬದಲ್ಲಿ ಬೆರಳುದ್ದದ ಹನ್ನೆರಡು ರಬ್ಬರ್ ಹುಳುಗಳಿದ್ದವು. ಎರಡು ತಿಂಗಳಲ್ಲಿ ಅವುಗಳಿಗೆ ಬಿದ್ದದ್ದು ಒಂದು ಹಳೆಯ ಚಪ್ಪಲಿ.

ಯಾವ ನೀರು, ಯಾವ ಹೊತ್ತು

ಗಾಳ ಎಂದರೆ ನಸುಕು ಎಂದು ಎಲ್ಲರೂ ಹೇಳುತ್ತಾರೆ. ಹರಿಯುವ ನೀರಿಗೆ ಇದು ನಿಜ. ಪಾಚಿ ಕಟ್ಟಿ ಹಸಿರಾದ ಬೇಸಿಗೆಯ ಕೆರೆಗೆ ನಿಜವಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯದು ಏಳೂವರೆಯಷ್ಟೇ. ಇದರ ಮೇಲೆ ರಾತ್ರಿಯೆಲ್ಲ ಪಾಚಿ, ಜೊಂಡು ಕೂಡ ಉಸಿರಾಡಿ ಇದ್ದದ್ದನ್ನೂ ಖರ್ಚು ಮಾಡಿರುತ್ತವೆ. ಹೊತ್ತು ಮೂಡುವಾಗ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿರುವುದನ್ನು ಕಂಡು "ಎಷ್ಟು ಮೀನು!" ಎಂದು ಹಿಗ್ಗಿ ಎಷ್ಟು ಎರೆ ಹಾಕಿದರೂ ಅವು ಮೂಸುವುದಿಲ್ಲ. ಅವುಗಳಿಗೆ ಬೇಕಿರುವುದು ಉಸಿರು, ಮೇವಲ್ಲ. ಬಿಸಿಲು ಬಿದ್ದು ಒಂದು ಗಂಟೆಯಾದ ಮೇಲೆ, ಪಾಚಿ ಮತ್ತೆ ಆಮ್ಲಜನಕ ಬಿಡತೊಡಗಿದಾಗ ಕಚ್ಚುವುದು ಶುರು. ಹಾಗಾಗಿ ಕೆರೆಗೆ ಎಂಟು ಗಂಟೆಗೆ ಹೋದರೂ ನಷ್ಟವಿಲ್ಲ. ಹತ್ತೂವರೆಗೆ ನೆರಳಿಗೆ ಬನ್ನಿ, ಮತ್ತೆ ಸಂಜೆ ಐದರಿಂದ ಕತ್ತಲವರೆಗೆ ಕೂರಿ.

ಕೆರೆಯಲ್ಲಿ ಜಾಗ ಆರಿಸುವುದು ಸುಲಭ. ಬೇಸಿಗೆಯಲ್ಲಿ ಉಳಿಯುವ ಆಳದ ನೀರೆಲ್ಲ ಏರಿಯ ಕಡೆ, ತೂಬಿನ ಸುತ್ತ. ಗೆಂಡೆ ಅಲ್ಲಿರುತ್ತದೆ. ಜಿಲೇಬಿ ಎದುರು ದಡದ ತೆಳು ನೀರಿನಲ್ಲಿ. ಒಂದು ಮಳೆ ಬಿದ್ದು ಹಳ್ಳ ಕೆಂಪಾಗಿ ಹರಿದರೆ ಎರಡೂ ಆ ಹಳ್ಳದ ಬಾಯಿಗೆ ಬರುತ್ತವೆ. ಆ ದಿನ ಸ್ಪಿನ್ನರ್ ಬೇಡ, ಕಲಕಿದ ನೀರಿನಲ್ಲಿ ವಾಸನೆಯ ಎರೆಯೇ ಗೆಲ್ಲುತ್ತದೆ.

ವಿಶ್ವೇಶ್ವರಯ್ಯ ನಾಲೆಗೆ ಬೇಸಿಗೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುತ್ತಾರೆ. ನೀರು ತುಂಬಿ ಓಡುವಾಗ ಗಾಳಕ್ಕೆ ಏನೂ ಸಿಗುವುದಿಲ್ಲ, ಅಂಚು ಕಡಿದಾದ್ದರಿಂದ ಜಾರಿದರೆ ಹತ್ತುವುದೂ ಕಷ್ಟ. ನೀರು ನಿಲ್ಲಿಸಿದ ಮೇಲೆ ಸೇತುವೆಗಳ ಕೆಳಗಿನ ಗುಂಡಿಗಳಲ್ಲಿ ಮೀನು ಸಿಕ್ಕಿಬಿದ್ದಿರುತ್ತವೆ. ಬಿದಿರು ಕೋಲಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ರೀಲಿಗೆ ಅಲ್ಲಿ ಕೆಲಸವೇ ಇಲ್ಲ.

ಹೊಳೆಯದು ಹೆಚ್ಚು ಎಚ್ಚರದ ಆಯ್ಕೆ. ತುಂಬಿದಾಗ 124.80 ಅಡಿ ನಿಲ್ಲುವ ಕನ್ನಂಬಾಡಿ ಕಟ್ಟೆಯ ನೀರು ಇಳಿದಂತೆಲ್ಲ ಕೆಳಗಿನ ಕಾವೇರಿ ಬಂಡೆಗಳ ನಡುವೆ ಮಡುಗಳಾಗಿ ಒಡೆಯುತ್ತದೆ. ನೋಡಲು ಹಗುರ ಗಾಳಕ್ಕೆಂದೇ ಮಾಡಿದ ಹಾಗಿರುತ್ತದೆ. ಆದರೆ ರಂಗನತಿಟ್ಟು 1940ರಿಂದಲೂ ಪಕ್ಷಿಧಾಮ, ಅಲ್ಲಿ ಗಾಳದ ಮಾತೇ ಇಲ್ಲ. ಅಲ್ಲಿನ ಮೊಸಳೆಗಳಿಗೆ ಪಕ್ಷಿಧಾಮದ ಗಡಿ ಗೊತ್ತಿಲ್ಲ. ಶ್ರೀರಂಗಪಟ್ಟಣದ ಸುತ್ತಲ ಹೊಳೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ಎಸೆಯುವವರ ಧೈರ್ಯ ನನಗಿಲ್ಲ. ಸ್ನಾನಘಟ್ಟಗಳಲ್ಲಿ ಜನ ಪುರಿ ಹಾಕಿ ಸಾಕಿದ ಮೀನಿಗೆ ಗಾಳ ಹಾಕುವುದಂತೂ ಯಾರಿಗೂ ಶೋಭೆಯಲ್ಲ. ಮೈಸೂರಿನೊಳಗಿನ ಕುಕ್ಕರಹಳ್ಳಿ, ಕಾರಂಜಿ ಕೆರೆಗಳನ್ನು ಹಕ್ಕಿಗಳಿಗೂ ನಡೆಯಲು ಬರುವವರಿಗೂ ಬಿಟ್ಟುಬಿಡಿ.

ಬಿಡುವುದೋ, ತರುವುದೋ

ಮೀನನ್ನು ಹಿಡಿದು ಬಿಡುವುದು ಸಭ್ಯತನ ಎಂದು ಈಗಿನ ಹುಡುಗರು ನಂಬಿದ್ದಾರೆ. ಮಳೆಗಾಲ ಕಳೆದ ತಂಪಿನಲ್ಲಿ ಒಪ್ಪುತ್ತೇನೆ. ಬೇಸಿಗೆಯಲ್ಲಿ ಹಗುರ ಗಾಳದ ಮಟ್ಟಿಗೆ ಇದು ಅಷ್ಟು ಸರಳವಲ್ಲ. ದಾರ ತೆಳುವಾದಷ್ಟೂ ಮೀನನ್ನು ಆಡಿಸುವ ಹೊತ್ತು ಉದ್ದವಾಗುತ್ತದೆ. ಮೊದಲೇ ಉಸಿರಿಲ್ಲದ ನೀರಿನಲ್ಲಿ ಅರ್ಧ ಗಂಟೆ ಎಳೆದಾಡಿ ಸುಸ್ತಾದ ಗೆಂಡೆ ಈಜಿಕೊಂಡು ಹೋದ ಹಾಗೆ ಕಂಡರೂ ಆಳದಲ್ಲಿ ಸಾಯಬಹುದು. ಬಿಡಲೇಬೇಕಾದ ಮೀನಿರುವ ಕೆರೆಯಲ್ಲಿ ನಾನು ಒಂದು ಹಂತ ದಪ್ಪ ದಾರ ಹಾಕುತ್ತೇನೆ, ಬೇಗ ದಡಕ್ಕೆ ತರುತ್ತೇನೆ, ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತೇನೆ. ಮೇಲೆ ಹೇಳಿದ ಆ ಅತ್ಯುತ್ತಮ ಅರ್ಧ ಗಂಟೆಯನ್ನು ಮನೆಗೆ ತರುವ ಗೆಂಡೆಗಷ್ಟೇ ಇಟ್ಟುಕೊಂಡಿದ್ದೇನೆ. ಜಿಲೇಬಿಗೆ ಈ ಯಾವ ಉಪಚಾರವೂ ಇಲ್ಲ.

ತರುವುದಾದರೆ ಒದ್ದೆ ಗೋಣಿಚೀಲವೋ, ಐಸ್ ಡಬ್ಬಿಯೋ? ಮಾವ ಗೋಣಿಯವರು. ನೆರಳಿನಲ್ಲಿಟ್ಟು ನೀರು ಚಿಮುಕಿಸುತ್ತಿದ್ದರೆ ಎರಡು ಗಂಟೆ ನಡೆಯುತ್ತದೆ. ಅವರ ಮನೆ ಕೆರೆಯಿಂದ ಹತ್ತು ನಿಮಿಷ. ನಾನು ಮೈಸೂರಿಗೆ ಬರಬೇಕಾದ್ದರಿಂದ ಹೊಟ್ಟೆ ಸೀಳಿ, ಕಿವಿರು ತೆಗೆದು ಐಸಿನಲ್ಲಿ ಇಡುತ್ತೇನೆ.

ಬೇಸಿಗೆಯ ಕೆರೆ ಮೀನಿಗೆ ಒಂದು ಮಣ್ಣಿನ ವಾಸನೆ ಇರುತ್ತದೆ. ಪಾಚಿಯಿಂದ ಬರುವಂಥದ್ದು. ಹುಳಿ ಅದನ್ನು ಮುರಿಯುತ್ತದೆ. ಉಪ್ಪು, ಹುಣಸೆಹುಳಿ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದರೆ ಸಾರಿಗೆ ಬಾಧಕವಿಲ್ಲ. ನಮ್ಮಮ್ಮನ ಹತ್ತಿರ ಮಾತ್ರ ಇದು ನಡೆಯುವುದಿಲ್ಲ. ತೊಳೆದು ಕೊಟ್ಟ ಮೀನನ್ನು ಒಮ್ಮೆ ಮೂಗಿನ ಹತ್ತಿರ ಹಿಡಿದು, "ಇದು ನಾಲೆಯದ್ದಲ್ಲ, ಕೆರೆಯದ್ದು. ಇನ್ನೊಂದು ಸಲ ಹುಳಿ ಹಚ್ಚು" ಎಂದು ಪಾತ್ರೆಯನ್ನು ನನ್ನ ಕಡೆಗೇ ತಳ್ಳುತ್ತಾರೆ.